ಬೆನ್ನಡಿಯ ಚಳಿಗೆ ಕ್ವಿಲ್ಟ್ ಹೊಲಿಯುವ ಮೊದಲು

ಮಗಳೇ, ಹ್ಯಾಮಕ್‌ಗೆ ಬೇಕಾದ ಕ್ವಿಲ್ಟ್‌ಗಳನ್ನು ಅಂಗಡಿಯಲ್ಲಿ ಕೊಳ್ಳದೆ ನೀನೇ ಹೊಲಿಯಲು ಹೊರಟಿದ್ದೀಯ ಎಂದು ಕೇಳಿ ನನಗೆ ತುಂಬಾ ಸಂತೋಷವಾಯಿತು. ಬಟ್ಟೆಯ ಬಣ್ಣವನ್ನು ಆಗಲೇ ಆರಿಸಿಟ್ಟಿದ್ದೀಯಂತೆ. ಬಣ್ಣ ಯಾವುದಾದರೂ ಇರಲಿ, ಒಳಗೆ ತುಂಬುವುದೇನು ಎಂಬುದು ಮೊದಲು ತೀರ್ಮಾನವಾಗಲಿ. ಅಕ್ಟೋಬರಿನಲ್ಲಿ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಮಲಗುವವಳಿಗೆ ಅದೇ ಮುಖ್ಯ.

ಬೆನ್ನಿನಿಂದ ಶುರು ಮಾಡೋಣ. ಹ್ಯಾಮಕ್‌ನಲ್ಲಿ ಮಲಗಿದರೆ ಮೈಯ ಕೆಳಗೂ ಗಾಳಿ ಓಡಾಡುತ್ತಿರುತ್ತದೆ. ಎಷ್ಟು ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿದರೂ ಅದರ ಅಡಿಭಾಗ ನಿನ್ನ ಭಾರಕ್ಕೆ ಚಪ್ಪಟೆಯಾಗುತ್ತದೆ. ನಮ್ಮನ್ನು ಬೆಚ್ಚಗಿಡುವುದು ನಾರುಗಳ ನಡುವೆ ಅಲುಗಾಡದೆ ನಿಂತ ಗಾಳಿ. ಅದನ್ನು ಹಿಂಡಿ ತೆಗೆದ ಮೇಲೆ ಉಳಿಯುವುದು ಬರೀ ಬಟ್ಟೆ. ಅದಕ್ಕೇ ಅಂಡರ್‌ಕ್ವಿಲ್ಟ್ ಅನ್ನು ಹ್ಯಾಮಕ್‌ನ ಹೊರಗೆ, ಕೆಳಗಡೆ ತೂಗುಹಾಕುತ್ತಾರೆ. ಅಲ್ಲಿ ಅದರ ಮೇಲೆ ಯಾರ ಭಾರವೂ ಬೀಳುವುದಿಲ್ಲ. ಮೇಲೆ ಹೊದೆಯುವ ಟಾಪ್‌ಕ್ವಿಲ್ಟ್‌ಗೆ ಅಡಿಭಾಗವೇ ಬೇಡ. ಹಣವೋ ಸಮಯವೋ ಒಂದಕ್ಕಷ್ಟೇ ಸಾಲುವುದಾದರೆ ಅಂಡರ್‌ಕ್ವಿಲ್ಟ್ ಅನ್ನೇ ಮೊದಲು ಹೊಲಿ. ಮೇಲಿನ ಚಳಿಗೆ ಮನೆಯಲ್ಲಿರುವ ಸ್ಲೀಪಿಂಗ್ ಬ್ಯಾಗ್ ಬಿಚ್ಚಿ ಹೊದ್ದರೂ ನಡೆಯುತ್ತದೆ.

ಒಳಗೆ ತುಂಬಲು ನಿನ್ನ ಗೆಳತಿಯರು ಡೌನ್ ಎಂದಿರಬೇಕು, ಅಂದರೆ ಬಾತು ಹೆಬ್ಬಾತುಗಳ ತುಪ್ಪುಳು. ಒಣಗಿದ್ದಾಗ ಅದರಷ್ಟು ಹಗುರವಾಗಿ ಬೆಚ್ಚಗಿಡುವುದು ಬೇರೆ ಇಲ್ಲ. ಕೊಲರಾಡೋದ ಒಣ ಚಳಿಗೆ ಹೊರಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಸ್ಮೋಕಿಯ ಕಣಿವೆಗಳಲ್ಲೇ ವರ್ಷಕ್ಕೆ ಸುಮಾರು 55 ಇಂಚು ಮಳೆ, ಎತ್ತರದ ಶಿಖರಗಳಲ್ಲಿ 85 ಇಂಚಿನವರೆಗೆ. ಮಳೆ ಬಾರದ ದಿನ ಮಂಜು. ಇದರ ಮೇಲೆ ರಾತ್ರಿಯಿಡೀ ನಿನ್ನ ಮೈಯಿಂದಲೇ ಆವಿ ಹೊರಟು ಕ್ವಿಲ್ಟ್‌ನ ಹೊರಪದರದಲ್ಲಿ ತಣ್ಣಗಾಗಿ ನೀರಾಗುತ್ತದೆ. ಒಂದು ರಾತ್ರಿಗೆ ಗೊತ್ತಾಗುವುದಿಲ್ಲ. ಒಣಗಿಸಲು ಬಿಸಿಲು ಸಿಗದೆ ನಾಲ್ಕು ದಿನ ಕಳೆದರೆ ತುಪ್ಪುಳು ಮುದ್ದೆಗಟ್ಟುತ್ತದೆ. ಅದೇ ಸಿಂಥೆಟಿಕ್ ತುಂಬಿದರೆ, ಅದರ ಪಾಲಿಯೆಸ್ಟರ್ ನಾರು ತನ್ನ ತೂಕದ ಸುಮಾರು ಶೇ. 0.4ರಷ್ಟು ತೇವವನ್ನಷ್ಟೇ ಹೀರುತ್ತದೆ. ಒದ್ದೆಯಾದರೂ ಉಬ್ಬು ಬಹುಪಾಲು ಉಳಿಯುತ್ತದೆ, ಬೇಗ ಒಣಗುತ್ತದೆ. ಹಾಗೆಂದು ಒದ್ದೆ ಸಿಂಥೆಟಿಕ್ ಒಣಗಿದ್ದಷ್ಟೇ ಬೆಚ್ಚಗಿರುತ್ತದೆಂದು ನಂಬಬೇಡ. ನಾರಿನ ನಡುವೆ ನಿಂತ ನೀರು ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮಳೆಗೆ ಅಡ್ಡವಾಗಿ ಮೇಲೆ ಟಾರ್ಪ್ ಸರಿಯಾಗಿ ಕಟ್ಟುವ ಕೆಲಸ ತಪ್ಪಿದ್ದಲ್ಲ.

ಸಿಂಥೆಟಿಕ್‌ನಲ್ಲೂ ಎರಡು ಜಾತಿ, ತಪ್ಪು ಆಯ್ಕೆಯಾಗುವುದು ಹೆಚ್ಚಾಗಿ ಇಲ್ಲೇ. ಒಂದು, ತುಂಡು ನಾರುಗಳದ್ದು. ಪ್ರಿಮಾಲಾಫ್ಟ್ ಈ ಬಗೆಯದು; 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೆ, ಒದ್ದೆಯಾದರೂ ಕೈಕೊಡದ ತುಪ್ಪುಳಿನ ಬದಲಿಯಾಗಿ ತಯಾರಾದದ್ದು. ಮೃದು, ಬೆಚ್ಚಗಿನದು, ಜಾಕೆಟ್‌ಗೆ ಬಹಳ ಒಳ್ಳೆಯದು. ಆದರೆ ತುಂಡು ನಾರು ಜಾಗ ಬಿಟ್ಟು ಸರಿಯದಂತೆ ನಡುನಡುವೆ ಹೊಲಿಗೆ ಹಾಕಬೇಕು. ಹೊಲಿಗೆ ಬಿದ್ದಲ್ಲೆಲ್ಲ ದಪ್ಪ ಸೊನ್ನೆಗೆ ಇಳಿದು ಅಲ್ಲೊಂದು ಚಳಿಯ ಗೆರೆ ಮೂಡುತ್ತದೆ. ಇನ್ನೊಂದು ಜಾತಿ, ಕಡಿಯದ ಉದ್ದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಹಾಳೆ. ಕ್ಲೈಮಾಶೀಲ್ಡ್ ಏಪೆಕ್ಸ್ ಅಂಥದ್ದು. ಇದಕ್ಕೆ ಅಂಚಿನ ಸುತ್ತ ಹೊಲಿಗೆ ಹಾಕಿದರೆ ಸಾಕು. ಮನೆಯ ಮಷಿನ್‌ನಲ್ಲಿ ಹೊಲಿಯುವವರಿಗೆ ನಾನು ಹೇಳುವುದು ಇದೊಂದನ್ನೇ.

ನಿನ್ನ ಅಮ್ಮನೂ ನಾನೂ ಧಾರವಾಡದಲ್ಲಿ ಅವ್ವನ ಪಕ್ಕ ಕೂತು ಕೌದಿ ಹೊಲಿದವರು. ಹಳೆಯ ಸೀರೆಗಳ ಪದರಗಳನ್ನು ಒತ್ತೊತ್ತಾಗಿ ದಾರ ಓಡಿಸಿ ಬಿಗಿದಷ್ಟೂ ಕೌದಿ ಬಾಳುತ್ತಿತ್ತು. ಆ ಕೈ ನಿನಗೂ ಬಂದಿದೆ. ಹಾಗಾಗಿ ಏಪೆಕ್ಸ್ ಹಾಳೆ ಎದುರಿಗಿದ್ದಾಗ ನಡುವೆ ನಾಲ್ಕು ಸಾಲು ಹೊಲಿಗೆ ಹಾಕಬೇಕೆಂದು ಕೈ ತುಡಿಯುತ್ತದೆ. ತಡೆದುಕೋ. ಇನ್ನು ಹಾಸಿಗೆಯ ಹೊದಿಕೆಗೆಂದು ಅಂಗಡಿಯಲ್ಲಿ ಸುರುಳಿಗಟ್ಟಲೆ ಸಿಗುವ ಅಗ್ಗದ ಬ್ಯಾಟಿಂಗ್ ಹಾಳೆ ನೋಡಿ ಆಸೆಪಡಬೇಡ. ನಾಲ್ಕು ಸಲ ಚೀಲಕ್ಕೆ ತುರುಕಿದರೆ ಅದು ಮತ್ತೆ ಏಳುವುದಿಲ್ಲ. ಹತ್ತಿಯ ಬ್ಯಾಟಿಂಗ್ ಅಂತೂ ಬೇಡವೇ ಬೇಡ.

ಈಗ ದಪ್ಪದ ಲೆಕ್ಕ. ಬೆಚ್ಚಗಿಡುವ ಶಕ್ತಿಯನ್ನು ಅಳೆಯಲು ಕ್ಲೋ ಎಂಬ ಮಾನವನ್ನು 1941ರಲ್ಲಿ ಗ್ಯಾಗಿ, ಬರ್ಟನ್, ಬ್ಯಾಝೆಟ್ ಎಂಬ ಮೂವರು ವಿಜ್ಞಾನಿಗಳು ಮುಂದಿಟ್ಟರು. ಸುಮಾರು 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸುಮ್ಮನೆ ಕೂತವರಿಗೆ ಹಿತವಾಗಿರಲು ಬೇಕಾದ ಉಡುಪು ಒಂದು ಕ್ಲೋ. ಚದರ ಗಜಕ್ಕೆ ಒಂದು ಔನ್ಸ್ ತೂಗುವ ಏಪೆಕ್ಸ್‌ಗೆ ಸುಮಾರು 0.82 ಕ್ಲೋ ಹೇಳುತ್ತಾರೆ. ಪ್ರಿಮಾಲಾಫ್ಟ್ ಗೋಲ್ಡ್‌ಗೆ ಹೇಳುವ 0.92 ಅದಕ್ಕಿಂತ ಹೆಚ್ಚು, ನಿಜ. ಆದರೆ ಅದು ಹೊಲಿಗೆಯ ಸಾಲುಗಳು ಬೀಳುವ ಮೊದಲಿನ ಲೆಕ್ಕ.

ಏಪೆಕ್ಸ್ ಮಾರುವಾಗ ಚದರ ಗಜದ ತೂಕವನ್ನೇ ಹೆಸರಿಗೆ ಅಂಟಿಸುತ್ತಾರೆ: 2.5, 3.6, 5.0, 6.0. ಮನೆಯಲ್ಲಿ ಕ್ವಿಲ್ಟ್ ಹೊಲಿಯುವವರ ನಡುವೆ ನಡೆದುಬಂದ ಅಂದಾಜಿನಂತೆ 2.5 ಸುಮಾರು 10 ಡಿಗ್ರಿ ಸೆಲ್ಸಿಯಸ್‌ವರೆಗೆ ಸಾಕು, 3.6 ಸುಮಾರು 4 ಡಿಗ್ರಿಗೆ, 5.0 ಶೂನ್ಯದ ಆಚೀಚೆಗೆ, 6.0 ಅದಕ್ಕಿಂತ ಕೆಳಗೆ. ಅಂದಾಜು ಅಂದಾಜೇ, ಮಲಗುವ ಮುಂಚೆ ಹೊಟ್ಟೆ ತುಂಬ ತಿಂದವಳಿಗೂ ಹಸಿದು ಮಲಗಿದವಳಿಗೂ ಒಂದೇ ಕ್ವಿಲ್ಟ್ ಬೇರೆ ಬೇರೆ ಅನಿಸುತ್ತದೆ.

ನೀನು ಹತ್ತಬೇಕೆಂದಿರುವ ಕುವೋಹಿ, 2024ರವರೆಗೆ ಕ್ಲಿಂಗ್‌ಮನ್ಸ್ ಡೋಮ್ ಎನಿಸಿಕೊಂಡಿದ್ದ ಶಿಖರ, 6,643 ಅಡಿ ಎತ್ತರದ್ದು. ಇಡೀ ಅಪಲೇಚಿಯನ್ ಟ್ರೇಲ್‌ನಲ್ಲೇ ಅದಕ್ಕಿಂತ ಎತ್ತರದ ಜಾಗವಿಲ್ಲ. ಬೆಟ್ಟದ ಬುಡಕ್ಕೂ ನೆತ್ತಿಗೂ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರುತ್ತದೆ. ಕೆಳಗಿನ ನಾಕ್ಸ್‌ವಿಲ್ ಊರಿನ ಹವೆ ನೋಡಿ ದಪ್ಪ ತೀರ್ಮಾನಿಸಬೇಡ. ಅಕ್ಟೋಬರ್ ರಾತ್ರಿ ಬೆಟ್ಟದ ಮೇಲೆ ಚಳಿ ಶೂನ್ಯದ ಹತ್ತಿರ ಹೋಗಬಹುದು. ಚಳಿ ತಾಳದವಳು ನೀನು, ಎರಡೂ ಕ್ವಿಲ್ಟ್‌ಗೆ 5.0 ತಗೋ. ತೂಕದ ಚಿಂತೆಯಾದರೆ ಲೆಕ್ಕ ಹಾಕಿ ನೋಡು: 140 ಸೆಂಟಿಮೀಟರ್ ಅಗಲ, 200 ಉದ್ದದ ಟಾಪ್‌ಕ್ವಿಲ್ಟ್‌ಗೆ 5.0 ಏಪೆಕ್ಸ್ ಸುಮಾರು 475 ಗ್ರಾಂ, 3.6 ಸುಮಾರು 340 ಗ್ರಾಂ. 135 ಗ್ರಾಂ ಉಳಿಸಲು ರಾತ್ರಿಯೆಲ್ಲ ಮುದುಡಿ ಮಲಗುವುದು ಬೇಡ. ಮುಂದೆ ಡಿಸೆಂಬರಿನಲ್ಲಿ ಹೋಗುವ ಮನಸ್ಸಾದರೆ 2.5ರದ್ದೊಂದು ತೆಳು ಕ್ವಿಲ್ಟ್ ಹೊಲಿದು ಮೇಲೆ ಸೇರಿಸಿ ಹೊದೆಯಬಹುದು. ಮೈಯಿಂದ ಹೊರಡುವ ತೇವ ಆಗ ಆ ಹೊರಗಿನದರಲ್ಲೇ ನಿಲ್ಲುತ್ತದೆ.

ಹೊರಬಟ್ಟೆಗೆ ಹಗುರ ರಿಪ್‌ಸ್ಟಾಪ್ ನೈಲಾನ್ ಸಾಕು. ತುಪ್ಪುಳು ನುಸುಳದಂಥ ಒತ್ತು ನೇಯ್ಗೆಗೆ ದುಡ್ಡು ಹಾಕಬೇಕಾಗಿಲ್ಲ, ಏಪೆಕ್ಸ್‌ನ ಎಳೆ ಹೊರಬರುವುದಿಲ್ಲ. ಟಾರ್ಪ್ ಹೊಲಿದು ಉಳಿದ ಸಿಲ್‌ನೈಲಾನ್ ಮಾತ್ರ ಬಳಸಬೇಡ. ಅದು ಆವಿಯನ್ನು ಹೊರಗೆ ಬಿಡದೆ ಒಳಗೇ ನೀರು ಮಾಡುತ್ತದೆ.

ಹಾಳೆಯನ್ನು ಬಟ್ಟೆಗಿಂತ ಸುತ್ತಲೂ ಎರಡು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸು, ಎಳೆಯಬೇಡ, ಎಳೆದರೆ ಅಲ್ಲಿ ತೆಳುವಾಗುತ್ತದೆ. ಮೊದಲು ಒಂದು ಬಟ್ಟೆಗೆ ಅಂಚಿನಲ್ಲಿ ಕೂಡಿಸಿ ಹೊಲಿದು, ಆಮೇಲೆ ಇನ್ನೊಂದು ಬಟ್ಟೆ ಸೇರಿಸಿ, ಒಂದು ಕಡೆ ತೆರೆದಿಟ್ಟು, ತಿರುವಿ ಹಾಕು. ಎಳೆಗಳು ಪ್ರೆಸರ್ ಫೂಟ್‌ಗೆ ಸಿಕ್ಕಿಕೊಂಡರೆ ನಡುವೆ ತೆಳು ಕಾಗದ ಇಟ್ಟು ಹೊಲಿ, ಮುಗಿದ ಮೇಲೆ ಹರಿದು ತೆಗೆಯಬಹುದು. ದಾರ ಪಾಲಿಯೆಸ್ಟರ್‌ನದೇ ಇರಲಿ. ಇಸ್ತ್ರಿ ಹತ್ತಿರ ತರಬೇಡ.

ಸಿಂಥೆಟಿಕ್‌ಗೆ ಇರುವ ದೊಡ್ಡ ಕೊರತೆ ಬಾಳಿಕೆ. ಅದುಮಿ ಅದುಮಿ ಇಟ್ಟರೆ ವರ್ಷದಿಂದ ವರ್ಷಕ್ಕೆ ಉಬ್ಬು ಇಳಿಯುತ್ತದೆ, ತುಪ್ಪುಳಿಗಿಂತ ಬೇಗ. ಬೆನ್ನಚೀಲದಲ್ಲಿ ಸಣ್ಣ ಸ್ಟಫ್ ಸ್ಯಾಕ್‌ಗೆ ಗುದ್ದಿ ತುಂಬದೆ ಸಡಿಲವಾಗಿ ಕೆಳಗಿಟ್ಟು ಬೇರೆ ಸಾಮಾನು ಮೇಲೆ ಇಡು. ಮನೆಗೆ ಬಂದ ದಿನವೇ ಹೊರತೆಗೆದು ಬೀರುವಿನಲ್ಲಿ ತೂಗುಹಾಕು.

ಅಳತೆಯ ಮಾತೊಂದು ಉಳಿಯಿತು. ಖಾಲಿ ಹ್ಯಾಮಕ್ ಅಳೆದು ಅಂಡರ್‌ಕ್ವಿಲ್ಟ್ ಕತ್ತರಿಸಬೇಡ. ನೀನು ಒಳಗೆ ಓರೆಯಾಗಿ ಮಲಗಿಕೋ, ರೂಮ್‌ಮೇಟ್ ಕೈಗೆ ಟೇಪ್ ಕೊಟ್ಟು ಭುಜದಿಂದ ಮೊಣಕಾಲಿನ ಕೆಳಗಿನವರೆಗೆ, ಆಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆನ್ನಡಿಯ ಉಬ್ಬು ಸೇರಿಸಿ ಅಳೆಯಲು ಹೇಳು. ಹೊಲಿದ ಮೇಲೂ ತೂಗುವ ಇಲಾಸ್ಟಿಕ್ ಹಗ್ಗವನ್ನು ಹೀಗೇ ಮಲಗಿಯೇ ಸರಿಮಾಡಬೇಕು. ಬಿಗಿಯಾದರೆ ಕ್ವಿಲ್ಟ್ ಚಪ್ಪಟೆ, ಸಡಿಲವಾದರೆ ನಡುವೆ ಗಾಳಿ. ಅಳತೆ ಬರೆದು ನನಗೆ ಕಳಿಸು, ಎಷ್ಟು ಗಜ ತರಿಸಬೇಕೆಂದು ಸೇರಿ ಲೆಕ್ಕ ಹಾಕೋಣ.