ಅಂಗಳದ ಲೆಕ್ಕ, ಲೋಕದ ಪೇಟೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಮನೆಗಳ ಆದಾಯದಲ್ಲಿ ದೊಡ್ಡ ಪಾಲು ಅಡಿಕೆಯದು. ಅದರ ಜೊತೆಗೆ ಕೊಕ್ಕೊ, ರಬ್ಬರ್ ಮತ್ತು ಗೇರುಬೀಜ ಸೇರುತ್ತವೆ. ಇವುಗಳ ಧಾರಣೆಯನ್ನು ಹೇಳುವುದು ಊರಿನ ಅಂಗಡಿ. ತೀರ್ಮಾನಿಸುವುದು ಹೊರಗಿನ ಪೇಟೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಆ ಆದೇಶಕ್ಕೂ ಸುಳ್ಯದ ಒಂದು ಮನೆಯ ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಗೂ ನೇರ ಸಂಬಂಧವಿದೆ. ಕೊಕ್ಕೊದ ಕತೆ ಇನ್ನೂ ದೂರದ್ದು. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ. ಅಲ್ಲಿ ಬೆಳೆ ಕೈಕೊಟ್ಟದ್ದರಿಂದ 2024ರಲ್ಲಿ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು, ಮರುವರ್ಷ ಇಳಿಯಿತು. ಅಡಿಕೆ ಮರಗಳ ನಡುವೆ ಕೊಕ್ಕೊ ಕೊಯ್ಯುವ ಪುತ್ತೂರಿನ ಕೃಷಿಕರಿಗೂ ಆ ಏರಿಳಿತ ತಟ್ಟಿತು.

ಈ ನಂಟು ಹೊಸದಲ್ಲ. 1980ರ ಆಸುಪಾಸಿನಲ್ಲಿ ಕೊಕ್ಕೊ ಬೆಲೆ ಕುಸಿದು ಕೊಳ್ಳುವವರಿಲ್ಲದ ಸ್ಥಿತಿ ಬಂದಾಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಈ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ರಬ್ಬರಿನ ಹಿಂದೆ ಇರುವುದು ರಾಜತಾಂತ್ರಿಕ ಒಪ್ಪಂದ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲಿನ ಶಾಲೆಗಳಲ್ಲೇ ಕಲಿತರು.

ಶಿಕ್ಷಣದಲ್ಲಿ ಈ ಭಾಗ ಹಿಂದೆ ಬಿದ್ದಿಲ್ಲ. ಪುತ್ತೂರಿಗೆ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಬಂದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಸ್ಮಾರಕ ಕಾಲೇಜನ್ನೂ ಹತ್ತು ವರ್ಷಗಳ ಬಳಿಕ ಎಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿದರು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ಜಿಲ್ಲೆ ರಾಜ್ಯಕ್ಕೆ ಮೊದಲನೆಯದಾಯಿತು. ಆದರೆ ಅಂಕ ಬಂದ ಪಾಠವೆಲ್ಲ ಕೈಗೆ ಬಂದಿರುವುದಿಲ್ಲ ಎಂಬುದು ತರಗತಿಯಲ್ಲಿ ವರ್ಷಗಟ್ಟಲೆ ಕಳೆದ ಅಧ್ಯಾಪಕರ ಅನುಭವ. ಆ ಅನುಭವವನ್ನು ನಾಲ್ಕು ಕೌಶಲಗಳ ಮೂಲಕ ವಿವರಿಸಬಹುದು.

ಮೊದಲನೆಯದು ಅಳತೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸುವ ಪ್ರಯೋಗವಿದೆ. ಮೊಳೆಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಇದು ಸ್ಥಾನಪಲ್ಲಟ ಕ್ರಿಯೆ. ಅದೇ ಕ್ರಿಯೆ ಪ್ರತಿ ಮಳೆಗಾಲ ಅಡಿಕೆ ತೋಟದ ಬದಿಯಲ್ಲೂ ನಡೆಯುತ್ತದೆ. ಕೊಳೆರೋಗಕ್ಕೆ ಬಿಡುವ ಶೇ 1ರ ಬೋರ್ಡೊ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು (ಅದೇ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ ಆಮೇಲೆ ಕೂಡಿಸುತ್ತಾರೆ. ಮದ್ದು ಹದವಾಗಿದೆಯೇ ಎಂದು ನೋಡಲು ಹಳೆಯ ಕೃಷಿಕರು ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಸಮೀಕರಣವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗೆ ಈ ಕತ್ತಿಯೂ ಆ ಮೊಳೆಯೂ ಒಂದೇ ಎಂದು ಹೊಳೆಯದೆ ಇರುವುದುಂಟು. ಹೊಳೆದ ದಿನ 200 ಲೀಟರಿನ ಡ್ರಮ್ಮಿಗೆ ಎಷ್ಟು ತುತ್ತು ಬೇಕು, ಮಳೆ ಶುರುವಾಗುವಾಗ ಒಮ್ಮೆ ಬಿಟ್ಟ ಮದ್ದನ್ನು 40–45 ದಿನಗಳ ಬಳಿಕ ಮತ್ತೆ ಏಕೆ ಬಿಡಬೇಕು ಎಂಬ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ. ಔಷಧ ಕಾರ್ಖಾನೆಯಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ಬೇಡಿಕೆಯಿರುವುದು ಇದೇ ಗುಣಕ್ಕೆ: ತೂಗಿ ನೋಡುವುದು, ಹದ ಪರೀಕ್ಷಿಸುವುದು, ತಪ್ಪಾದರೆ ಕಾರಣ ಹುಡುಕುವುದು.

ಎರಡನೆಯದು ವ್ಯವಹಾರ ಜ್ಞಾನ. ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳಲ್ಲಿ ಬಸಳೆ, ಕೆಸು, ಪುನರ್ಪುಳಿ, ಹಲಸಿನ ಹಪ್ಪಳ ಮಾರಾಟಕ್ಕೆ ಬರುತ್ತವೆ. ಹೆತ್ತವರೇ ಕೊಂಡು ಮುಗಿಸುವುದರಿಂದ ಇದು ಒಂದು ದಿನದ ಸಂಭ್ರಮವಾಗಿ ಉಳಿಯುವುದೇ ಹೆಚ್ಚು. ಸಂತೆಯ ಮರುದಿನದ ಲೆಕ್ಕದಲ್ಲಿ ನಿಜವಾದ ಪಾಠವಿದೆ. ಹಪ್ಪಳಕ್ಕೆ ಬಿದ್ದ ಎಣ್ಣೆ, ಸೌದೆ, ಅಮ್ಮನ ದುಡಿಮೆಯ ಗಂಟೆಗಳನ್ನು ಖರ್ಚಿಗೆ ಸೇರಿಸಿದಾಗ ಲಾಭವೆಂದು ಕಂಡದ್ದು ಕರಗುವುದುಂಟು. ಹಸಿ ಕೊಕ್ಕೊ ಬೀಜದ ಬೆಲೆಗೂ ಚಾಕೊಲೇಟಿನ ಬೆಲೆಗೂ ನಡುವಿನ ಅಂತರ ಯಾರ ಯಾರ ಕೈಗೆ ಸೇರುತ್ತದೆ ಎಂದು ಕೇಳಿದರೆ ಅರ್ಥಶಾಸ್ತ್ರದ ಮೌಲ್ಯವರ್ಧನೆ ಎಂಬ ಪದ ಬೇರೆ ವಿವರಣೆ ಬೇಡುವುದಿಲ್ಲ. ಒಬ್ಬೊಬ್ಬರಾಗಿ ಮಾರುವುದಕ್ಕೂ ಒಟ್ಟಾಗಿ ಮಾರುವುದಕ್ಕೂ ಇರುವ ವ್ಯತ್ಯಾಸಕ್ಕೆ ಕ್ಯಾಂಪ್ಕೊದ ಇತಿಹಾಸವೇ ಪಠ್ಯ. ಜಿಲ್ಲೆಯ ಸಹಕಾರಿ ಚಳವಳಿಯ ಹಿರಿಯ ಮೊಳಹಳ್ಳಿ ಶಿವರಾಯರ ಕರ್ಮಭೂಮಿಯೂ ಪುತ್ತೂರೇ.

ಮೂರನೆಯದು ಭಾಷೆ. ಇಲ್ಲಿನ ಒಂದೇ ತರಗತಿಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ತಮಿಳು ಮನೆಮಾತಿನ ಮಕ್ಕಳು ಕೂರುತ್ತಾರೆ. ಆಟದ ಬಯಲಿನಲ್ಲಿ ಅವರು ಎರಡು ಮೂರು ಭಾಷೆಗಳ ನಡುವೆ ಸಲೀಸಾಗಿ ಓಡಾಡುತ್ತಾರೆ. ಹೊರಗಿನ ಉದ್ಯೋಗಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳವಿಲ್ಲ. ಆದರೂ ಇಂಗ್ಲಿಷ್ ಬಾರದಿದ್ದರೆ ಭವಿಷ್ಯವಿಲ್ಲ ಎಂಬ ಭಯದಲ್ಲಿ ಈ ಬಂಡವಾಳ ಲೆಕ್ಕಕ್ಕೇ ಬರುವುದಿಲ್ಲ. ಇಂಗ್ಲಿಷ್ ಬೇಕು ಎಂಬುದರಲ್ಲಿ ಸಂಶಯವಿಲ್ಲ. ವಿಷಯ ಮನೆಮಾತಿನಲ್ಲೋ ಕನ್ನಡದಲ್ಲೋ ಸ್ಪಷ್ಟವಾದ ಮಗುವಿಗೆ ಇಂಗ್ಲಿಷ್ ಪದಗಳನ್ನು ಸೇರಿಸಿಕೊಳ್ಳುವುದು ಸುಲಭ. ವಿಷಯ ತಿಳಿಯದೆ ಇಂಗ್ಲಿಷ್ ವಾಕ್ಯಗಳನ್ನು ಉರುಹೊಡೆದ ಮಗು ಪ್ರಶ್ನೆ ಸ್ವಲ್ಪ ತಿರುಗಿದರೂ ತಡವರಿಸುತ್ತದೆ.

ನಾಲ್ಕನೆಯದು ಯಂತ್ರ ಮತ್ತು ಅಂತರ್ಜಾಲದ ಬಳಕೆ. ಮರ ಏರುವ ಕುಶಲ ಕೆಲಸಗಾರರು ಸಿಗದೆ ಹೋದಾಗ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂತು. ನೆಲದ ಮೇಲೆ ನಿಂತೇ ಗೊನೆ ಕೊಯ್ಯಬಹುದು, ಮದ್ದು ಬಿಡಬಹುದು. ಕೈಯಲ್ಲಿ ಸುಲಿಯುತ್ತಿದ್ದ ಅಡಿಕೆಗೆ ಸುಲಿಯುವ ಯಂತ್ರ ಬಂತು. ಒಂದು ಕೆಲಸ ಕಡಿಮೆಯಾಗಿ ಯಂತ್ರದ ರಿಪೇರಿ, ದೋಟಿ ಹಿಡಿಯುವ ಪರಿಣತಿಗಳಂಥ ಬೇರೆ ಕೆಲಸಗಳು ಹುಟ್ಟಿದವು. ಒಂದೇ ಕಸುಬನ್ನು ಕಲಿಸಿ ಬಿಡುವ ತರಬೇತಿ ಬೇಗ ಹಳತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಬೆಂಗಳೂರಿನ ಮಾದರಿಯನ್ನು ನಕಲು ಮಾಡುವುದಕ್ಕಿಂತ, ಅಂಗಳದಲ್ಲಿ ಅಡಿಕೆ ಹರವಿರುವಾಗ ಮಳೆ ಬಂದರೆ ಎಚ್ಚರಿಸುವ ಸಾಧನವನ್ನು ಕಟ್ಟುವ ಮಗು ಹೆಚ್ಚು ಕಲಿಯುತ್ತದೆ. ಅಂತರ್ಜಾಲದ ಮಟ್ಟಿಗೆ ಅಡ್ಡಿ ಹೊರಗಿನದು. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಬಳಿ ರಸ್ತೆ ಬದಿಯಲ್ಲಿ ಕೂತು ಎಸ್ಸೆಸ್ಸೆಲ್ಸಿಯ ಆನ್‌ಲೈನ್ ಪಾಠ ಕೇಳುತ್ತಿದ್ದ ಬಾಲಕಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಹರಿದಾಡಿತು. ಅಲ್ಲಿ ಕೊರತೆಯಿದ್ದದ್ದು ಕಲಿಯುವ ಮನಸ್ಸಿಗಲ್ಲ, ನೆಟ್‌ವರ್ಕಿಗೆ.

ಈ ಬಗೆಯ ಕಲಿಕೆಗೆ ಪುತ್ತೂರಿನಲ್ಲಿ ಹಳೆಯ ಮಾದರಿಗಳಿವೆ. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಜಗತ್ತಿನ ಜ್ಞಾನವನ್ನು ಕನ್ನಡದ ಮಕ್ಕಳ ಕೈಗಿಡಲು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1936ರಲ್ಲಿ ಹೊರತಂದರು. 1988ರಲ್ಲಿ ಇಲ್ಲಿಂದಲೇ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಮಾಡಿದ ಕೆಲಸವನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯುವುದೂ ಕೌಶಲವೇ ಎಂದು ಅದು ತೋರಿಸಿತು. ವಿದ್ಯಾರ್ಥಿಗಳ ಯೋಜನಾ ವರದಿಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಈ ಕಾಲದಲ್ಲಿ ಮಗು ತಾನು ಕಂಡದ್ದನ್ನು ತಾನೇ ಬರೆದ ಒಂದು ಪುಟಕ್ಕೆ ಹೆಚ್ಚು ಬೆಲೆಯಿದೆ.

ಅಡ್ಡಿಗಳೂ ಇವೆ. ಅತಿಥಿ ಶಿಕ್ಷಕರು ವರ್ಷದ ನಡುವೆ ಬಂದು ಹೋಗುವ ಕಡೆ ಹೊಸ ಪ್ರಯೋಗ ಬೇರೂರುವುದಿಲ್ಲ. ಹತ್ತನೆಯ ತರಗತಿಯಲ್ಲಿ ದೀಪಾವಳಿ ಕಳೆದ ಮೇಲೆ ಪುನರಾವರ್ತನೆಯೇ ಪಾಠವಾಗುತ್ತದೆ. ಆದ್ದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳೇ ಇದಕ್ಕೆ ಸರಿಯಾದ ಕಾಲ. ಖರ್ಚಿನ ಪ್ರಶ್ನೆ ದೊಡ್ಡದಲ್ಲ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ಕೇಂದ್ರವಿದೆ. ಕಡಬ ತಾಲೂಕಿನ ಕಿದುವಿನಲ್ಲಿ ದಕ್ಷಿಣ ಏಷ್ಯಾಕ್ಕಾಗಿ ಕಾಪಾಡಿದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವಿದೆ. ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ, ಊರೂರಿನಲ್ಲಿ ಸಹಕಾರಿ ಸಂಘ, ಪ್ರತಿ ಶಾಲೆಯ ಬೇಲಿಯಾಚೆ ಒಂದು ತೋಟ ಇವೆ. ಇವನ್ನು ಪಾಠಕ್ಕೆ ಸೇರಿಸಲು ಬೇಕಾದದ್ದು ವೇಳಾಪಟ್ಟಿಯಲ್ಲಿ ತಿಂಗಳಿಗೊಂದು ದಿನ.