ವೀರನಾರಿಯ ಉಡುಪು: ಅಳೆಯಬೇಕಾದುದು ಬಟ್ಟೆಯನ್ನೋ, ನೋಟವನ್ನೋ?



1942ರಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ಸ್ಥಾಪಿಸಿದ್ದ ಒಂದು ಸಂಘಟನೆಯು, ಎಳೆಯರು ಓದಬಾರದ ಪತ್ರಿಕೆಗಳ ತನ್ನ ಪಟ್ಟಿಗೆ 'ಸೆನ್ಸೇಷನ್ ಕಾಮಿಕ್ಸ್' ಎಂಬ ಚಿತ್ರಕಥಾ ಪತ್ರಿಕೆಯನ್ನು ಸೇರಿಸಿತು. ಕೊಟ್ಟ ಕಾರಣ ಬಹಳ ಚಿಕ್ಕದು: ಅದರ ಕಥಾನಾಯಕಿ ವಂಡರ್ ವುಮನ್ ಸಾಕಷ್ಟು ಬಟ್ಟೆ ತೊಟ್ಟಿಲ್ಲ. ಸಭ್ಯ ಸಾಹಿತ್ಯಕ್ಕಾಗಿ 1938ರಲ್ಲಿ ಹುಟ್ಟಿದ ಈ ರಾಷ್ಟ್ರೀಯ ಸಂಘಟನೆಯ ಬೆನ್ನೆಲುಬಾಗಿದ್ದವರು ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಧರ್ಮಪ್ರಾಂತ್ಯದ ಬಿಷಪ್ ಜಾನ್ ನೋಲ್.

ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆ ನಾಯಕಿ ಇನ್ನೂ ಇದ್ದಾಳೆ, ಅವಳ ಉಡುಪಿನ ವಾದವೂ ಇನ್ನೂ ಇದೆ. ಅಂದು ಅಮೆರಿಕದ ಅಂಗಡಿಗಳಲ್ಲಿ ಹತ್ತು ಸೆಂಟ್‌ಗೆ ಸಿಗುತ್ತಿದ್ದ ಈ ವೀರರು ಇಂದು ಸಿನಿಮಾ, ಶಾಲಾಚೀಲ, ಅಂಗಿ, ಮೊಬೈಲ್‌ಗಳ ಮೂಲಕ ನಮ್ಮ ಮನೆಗಳಿಗೂ ಬಂದಿದ್ದಾರೆ. ಹಾಗಾಗಿ ಇದು ನಮಗೆ ಸಂಬಂಧವಿಲ್ಲದ ಪರದೇಶದ ಜಗಳವಲ್ಲ. ಮಗನ ಕೈಯಲ್ಲಿ ಅಂಥ ಪುಸ್ತಕ ಕಂಡಾಗ ಕಸಿದುಕೊಳ್ಳಬೇಕೆ, ಸುಮ್ಮನಿರಬೇಕೆ ಎಂದು ತಿಳಿಯದೆ ನಿಲ್ಲುವ ತಂದೆತಾಯಂದಿರು ನಮ್ಮ ನಡುವೆ ಇದ್ದಾರೆ. ಅವರಿಗಾಗಿ ಈ ಪಾಠ.

ಪಟ್ಟಿಗೆ ಕಂಡದ್ದು, ಕಾಣದ್ದು

ವಂಡರ್ ವುಮನ್‌ಳನ್ನು 1941ರಲ್ಲಿ ಸೃಷ್ಟಿಸಿದವನು ವಿಲಿಯಂ ಮಾರ್‌ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಚಿತ್ರ ಬರೆದವನು ಎಚ್. ಜಿ. ಪೀಟರ್. ಹೆಣ್ಣುಮಕ್ಕಳಿಗೆ ಬಲ, ಧೈರ್ಯ, ಪ್ರೀತಿ ಮೂರೂ ಇರುವ ಒಬ್ಬ ಆದರ್ಶ ನಾಯಕಿ ಬೇಕು ಎಂಬುದು ಮಾರ್‌ಸ್ಟನ್ನನ ಮಾತು. ಮಾತು ಒಳ್ಳೆಯದೇ. ಆದರೆ ಆ ಕಥೆಗಳನ್ನು ತೆರೆದು ನೋಡಿದರೆ ನಾಯಕಿಯೂ ಅವಳ ಸಂಗಾತಿಗಳೂ ಮತ್ತೆ ಮತ್ತೆ ಹಗ್ಗದಲ್ಲಿ, ಸರಪಳಿಯಲ್ಲಿ ಬಂಧಿತರಾಗಿರುತ್ತಾರೆ. ಇದನ್ನು ಗುರುತಿಸಿ ಪ್ರಕಾಶಕರಿಗೆ ಕಟುವಾಗಿ ಬರೆದವರು ಜೋಸೆಟ್ ಫ್ರಾಂಕ್ ಎಂಬ ಮಹಿಳೆ. ಮಕ್ಕಳ ಓದಿನ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ್ದ ಅವರು ಪ್ರಕಾಶಕರ ಸಲಹಾ ಮಂಡಳಿಯಲ್ಲೇ ಇದ್ದರು. ಉಡುಪಿನ ಬಗ್ಗೆಯೂ ಅವರಿಗೆ ಆಕ್ಷೇಪವಿತ್ತು. ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸುವ ಚಿತ್ರಗಳ ಬಗ್ಗೆ ಅದಕ್ಕಿಂತ ಹೆಚ್ಚಿನ ಆಕ್ಷೇಪವಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ನಮ್ಮವರ ಪಟ್ಟಿಯು ಬಟ್ಟೆ ಕಡಿಮೆ ಎಂದು ಬರೆಯಿತು; ಸರಪಳಿಯ ಬಗ್ಗೆ ಆ ಕಾರಣದಲ್ಲಿ ಒಂದು ಮಾತೂ ಇಲ್ಲ. ಆ ಧರ್ಮಾಧ್ಯಕ್ಷರ ಸದುದ್ದೇಶವನ್ನು ನಾನು ಸಂಶಯಿಸುವುದಿಲ್ಲ. ಮಕ್ಕಳನ್ನು ಕಾಯುವುದು ಕುರುಬನ ಕರ್ತವ್ಯ. ಆದರೆ ಕಣ್ಣು ಬಟ್ಟೆಯ ಅಂಚಿನಲ್ಲೇ ನಿಂತುಬಿಟ್ಟರೆ ಅದಕ್ಕಿಂತ ದೊಡ್ಡ ಕೇಡು ಪಕ್ಕದಲ್ಲೇ ನುಸುಳಿ ಹೋಗುತ್ತದೆ.

ಮುಂದೆ ಕೋಪ ಬೆಂಕಿಯಾಯಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಒಂದು ಕಥೋಲಿಕ ಶಾಲೆಯ ಮಕ್ಕಳು ಮನೆಮನೆಯಿಂದ ಚಿತ್ರಕಥೆ ಪುಸ್ತಕಗಳನ್ನು ತಂದು ರಾಶಿ ಹಾಕಿ ಸುಟ್ಟರು. 1954ರಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು, ಈ ಪುಸ್ತಕಗಳೇ ಬಾಲಾಪರಾಧಕ್ಕೆ ಕಾರಣವೆಂದು ದೊಡ್ಡದೊಂದು ಗ್ರಂಥ ಬರೆದರು. ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಆದರೆ ವರ್ಥಾಮರು ತಮ್ಮ ರೋಗಿಗಳ ಮಾತುಗಳನ್ನು ತಿದ್ದಿದ್ದರು, ತಮ್ಮ ವಾದಕ್ಕೆ ಒಗ್ಗುವಂತೆ ಜೋಡಿಸಿದ್ದರು ಎಂಬುದನ್ನು ಕ್ಯಾರಲ್ ಟಿಲಿ ಎಂಬ ಸಂಶೋಧಕಿ ಅವರ ಸ್ವಂತ ಕಾಗದಪತ್ರಗಳಿಂದಲೇ 2012ರಲ್ಲಿ ತೋರಿಸಿಕೊಟ್ಟರು. ಆರನೆಯ ಆಜ್ಞೆಯನ್ನು ಕಾಪಾಡಲು ಎಂಟನೆಯ ಆಜ್ಞೆಯನ್ನು ಮುರಿಯಲು ನಮಗೆ ಅಪ್ಪಣೆಯಿಲ್ಲ. ಒಳ್ಳೆಯ ಕಾರಣಕ್ಕಾಗಿ ಹೇಳಿದರೂ ಸುಳ್ಳು ಸಾಕ್ಷಿ ಸುಳ್ಳು ಸಾಕ್ಷಿಯೇ.

ಅದೇ 1954ರಲ್ಲಿ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ನಗ್ನತೆ ಕೂಡದು, ಉಡುಪು ಸಮಾಜ ಒಪ್ಪುವಂತಿರಬೇಕು ಎಂಬುದರ ಜೊತೆಗೆ ಇನ್ನೆರಡು ಮಾತುಗಳು ಅದರಲ್ಲಿದ್ದವು: ಕಾಮಪ್ರಚೋದಕ ಭಂಗಿ ಸಲ್ಲದು, ಹೆಣ್ಣಿನ ಅಂಗಾಂಗಗಳನ್ನು ಉಬ್ಬಿಸಿ ಬರೆಯಬಾರದು. ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಎರಡು ಮಾತುಗಳು ಬಿಷಪರ ಪಟ್ಟಿಗಿಂತ ಜಾಣತನದವು.

ಲಜ್ಜೆ ಎಂದರೇನು?

ಆದಿಕಾಂಡವನ್ನು ತೆರೆಯಿರಿ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಆ ಗಂಡು ಹೆಣ್ಣು ಬೆತ್ತಲೆಯಾಗಿದ್ದರೂ ಅವರಿಗೆ ನಾಚಿಕೆಯಿಲ್ಲ. ಪಾಪಕ್ಕೆ ಬಿದ್ದ ಕೂಡಲೇ ಎಲೆಗಳನ್ನು ಹೊಲಿದುಕೊಳ್ಳುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮೂರನೆಯ ಅಧ್ಯಾಯದ 21ನೆಯ ವಚನವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಅವರನ್ನು ತೋಟದಿಂದ ಹೊರಡಿಸುವ ಮುನ್ನ ದೇವರು ತಾವೇ ಚರ್ಮದ ಉಡುಪು ಮಾಡಿ ಅವರಿಗೆ ತೊಡಿಸುತ್ತಾರೆ. ಉಡುಪು ಶಿಕ್ಷೆಯಲ್ಲ, ಶರೀರ ಕೊಳಕೆಂಬ ತೀರ್ಪೂ ಅಲ್ಲ. ಪರಸ್ಪರರ ನೋಟ ಕೆಟ್ಟುಹೋದ ಲೋಕದಲ್ಲಿ ತಂದೆಯೊಬ್ಬನು ಮಕ್ಕಳಿಗೆ ಕೊಡುವ ರಕ್ಷಣೆ ಅದು.

ಜಗದ್ಗುರು ಎರಡನೇ ಜಾನ್ ಪೌಲರು, ಇನ್ನೂ ಪೋಲೆಂಡಿನಲ್ಲಿ ಸಹಾಯಕ ಧರ್ಮಾಧ್ಯಕ್ಷರಾಗಿದ್ದಾಗ, 1960ರಲ್ಲಿ 'ಪ್ರೀತಿ ಮತ್ತು ಜವಾಬ್ದಾರಿ' ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರ ವಿಚಾರವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಪ್ರೀತಿಗೆ ವಿರುದ್ಧವಾದುದು ಬಳಕೆ. ಒಬ್ಬ ವ್ಯಕ್ತಿಯನ್ನು ವಸ್ತುವಿನಂತೆ ಬಳಸಿಕೊಳ್ಳುವ ನೋಟದಿಂದ ತನ್ನನ್ನು ಕಾಪಾಡಿಕೊಳ್ಳುವ ಸಹಜ ಗುಣವೇ ಲಜ್ಜೆ. ಆದ್ದರಿಂದ ಬೆತ್ತಲೆತನವೆಲ್ಲವೂ ನಿರ್ಲಜ್ಜೆಯಲ್ಲ. ಉಟ್ಟುಕೊಂಡವರೆಲ್ಲ ಲಜ್ಜೆಯುಳ್ಳವರೂ ಅಲ್ಲ. ವೈದ್ಯನ ಮುಂದೆ ರೋಗಿ ಬಟ್ಟೆ ಸರಿಸುತ್ತಾನೆ. ಅಲ್ಲಿ ಯಾರಿಗೆ ಅವಮಾನ?

1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಇದನ್ನೇ ಬೋಧಿಸುತ್ತದೆ. ಸಭ್ಯತೆಯ ರೂಪ ಒಂದೊಂದು ಸಂಸ್ಕೃತಿಯಲ್ಲಿ ಒಂದೊಂದು ರೀತಿ. ಆದರೆ ಮಾನವ ಘನತೆಯ ಆ ಅರಿವು ಎಲ್ಲೆಡೆಯೂ ಇದೆ (2524). ಸೀರೆಯುಟ್ಟ ನಮ್ಮ ತಾಯಂದಿರ ಸೊಂಟ ಒಂದಿಷ್ಟು ಕಂಡರೆ ಈ ನಾಡಿನಲ್ಲಿ ಯಾರಿಗೂ ಅದು ಅಸಭ್ಯವಲ್ಲ. ಅವರು ಪೂಜೆಗೆ ಬಂದಾಗ ಅಳತೆಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುವವರು ಯಾರೂ ಇಲ್ಲ, ದೇವರ ದಯೆ!

ರೋಮಿನ ಗೋಡೆಯಲ್ಲೂ ಇದೇ ವಾದ

ಚಿತ್ರದಲ್ಲಿ ಮೈ ಕಾಣಬಾರದು ಎಂಬ ವಾದವನ್ನು ಕೊನೆಯವರೆಗೆ ಎಳೆದರೆ ನಾವು ಸಿಸ್ಟೀನ್ ಪ್ರಾರ್ಥನಾಲಯದ ಗೋಡೆಗೆ ಬಂದು ನಿಲ್ಲುತ್ತೇವೆ. ಮೈಕೆಲ್ಯಾಂಜಲೊ 1541ರಲ್ಲಿ ಮುಗಿಸಿದ 'ಅಂತಿಮ ತೀರ್ಪು' ಚಿತ್ರದಲ್ಲಿ ಸಂತರೂ ನಗ್ನರು, ಪಾಪಿಗಳೂ ನಗ್ನರು. ಟ್ರೆಂಟ್ ಮಹಾಸಭೆಯು 1563ರಲ್ಲಿ ಪವಿತ್ರ ಚಿತ್ರಗಳ ಬಗ್ಗೆ ನಿರ್ಣಯ ಮಾಡಿದ ಮೇಲೆ, ದಾನಿಯೇಲೆ ದ ವೊಲ್ತೆರಾ ಎಂಬ ಕಲಾವಿದನನ್ನು ಕರೆಸಿ ಆ ದೇಹಗಳಿಗೆ ಬಟ್ಟೆ ಬರೆಸಲಾಯಿತು. ರೋಮಿನ ಜನ ಅವನಿಗೆ ಚಡ್ಡಿ ತೊಡಿಸುವವನೆಂದು ಅಡ್ಡಹೆಸರಿಟ್ಟು ನಕ್ಕರು. ಪಾಪ, ಅವನೂ ಒಳ್ಳೆಯ ಕಲಾವಿದನೇ. 1994ರಲ್ಲಿ ಶುಚಿಗೊಳಿಸಿದ ಚಿತ್ರವನ್ನು ಮತ್ತೆ ಜನರಿಗೆ ತೆರೆದಾಗ, ನಂತರದ ಶತಮಾನಗಳಲ್ಲಿ ಸೇರಿಸಿದ್ದ ಕೆಲವು ಬಟ್ಟೆಗಳನ್ನು ತೆಗೆಯಲಾಗಿತ್ತು. ಬಲಿಪೂಜೆ ಅರ್ಪಿಸಿದ ಎರಡನೇ ಜಾನ್ ಪೌಲರು ಆ ಆಲಯವನ್ನು ಮಾನವ ಶರೀರದ ದೈವಶಾಸ್ತ್ರಕ್ಕೆ ಗರ್ಭಗುಡಿಯಿದ್ದಂತೆ ಎಂದು ಕೊಂಡಾಡಿದರು.

ಹಾಗಾದರೆ ಚಿತ್ರಕಥೆಯ ನಾಯಕಿಗೂ ಅದೇ ವಿನಾಯಿತಿ ಇದೆಯೆ? ಕೆಲವರು ಹಾಗೆಯೇ ವಾದಿಸುತ್ತಾರೆ: ಇವರು ಪುರಾಣದ ವೀರರಂತೆ, ಗ್ರೀಕ್ ಶಿಲ್ಪದಂತೆ ಆದರ್ಶ ದೇಹದವರು, ಗಂಡು ವೀರರೂ ಮೈಗೆ ಅಂಟಿದ ಉಡುಪನ್ನೇ ತೊಡುತ್ತಾರಲ್ಲ? ಈ ಮಾತನ್ನು ತಳ್ಳಿಹಾಕುವ ಮುನ್ನ ಪರಿಶೀಲಿಸಬೇಕು. 1938ರಲ್ಲಿ ಬಂದ ಸೂಪರ್‌ಮ್ಯಾನ್‌ನ ಉಡುಪು ಆ ಕಾಲದ ಸರ್ಕಸ್ ಜಟ್ಟಿಗಳ ಉಡುಪನ್ನು ಹೋಲುತ್ತದೆ. ಅವನ ಮೈಕಟ್ಟನ್ನು ತೋರಿಸುವುದು ಬಲ ತೋರಿಸಲಿಕ್ಕೆ. ಓದುವ ಹುಡುಗ ತಾನೂ ಹಾಗಾಗಬೇಕೆಂದು ಬಯಸುತ್ತಾನೆ. ನಾಯಕಿಯನ್ನು ಬರೆಯುವಾಗ ಹಲವು ಬಾರಿ ಉದ್ದೇಶ ಬೇರೆ; ಅವಳಂತೆ ಆಗಬೇಕೆಂದಲ್ಲ, ಅವಳನ್ನು ನೋಡುತ್ತಿರಬೇಕೆಂದು.

ಇದನ್ನು ಯಾವ ಪ್ರವಚನವೂ ಇಲ್ಲದೆ ತೋರಿಸಿಕೊಟ್ಟವರು ಕೆಲವು ಚಿತ್ರಕಾರರೇ. 2012ರ ಕೊನೆಯಲ್ಲಿ ಅವರು ಹಾಕ್ಐ ಎಂಬ ಗಂಡು ವೀರನನ್ನು, ನಾಯಕಿಯರನ್ನು ಮುಖಪುಟಗಳಲ್ಲಿ ನಿಲ್ಲಿಸುವ ಅದೇ ಭಂಗಿಯಲ್ಲಿ ಬರೆದರು. ಬೆನ್ನು ಬಳುಕಿಸಿ, ನಡು ತಿರುಚಿ, ಎದೆಯೂ ಹಿಂಬದಿಯೂ ಒಟ್ಟಿಗೆ ಕಾಣುವಂತೆ! ನೋಡಿದವರೆಲ್ಲ ನಕ್ಕರು. ಗಂಡಿಗೆ ಅದು ನಗೆಪಾಟಲು. ಹೆಣ್ಣಿಗೆ ಹಾಗೆಯೇ ಬರೆದಾಗ ಯಾರಿಗೂ ನಗು ಬಂದಿರಲಿಲ್ಲ.

ಒಂದಿಂಚೂ ಮೈ ಕಾಣದ ಅಶ್ಲೀಲ

2014ರ ಪ್ರಕರಣವೊಂದು ನಮ್ಮ ಪಾಠಕ್ಕೆ ಕೀಲಿಕೈ. ಮಾರ್ವೆಲ್ ಸಂಸ್ಥೆಯು ಸ್ಪೈಡರ್ ವುಮನ್ ಪುಸ್ತಕದ ಒಂದು ವಿಶೇಷ ಮುಖಪುಟವನ್ನು ಇಟಲಿಯ ಮೀಲೊ ಮನಾರಾ ಎಂಬ ಕಾಮಚಿತ್ರ ಪ್ರಸಿದ್ಧ ಕಲಾವಿದನಿಂದ ಬರೆಸಿತು. ಆ ನಾಯಕಿಯ ಉಡುಪು ಕತ್ತಿನಿಂದ ಕಾಲಿನವರೆಗೆ ಮುಚ್ಚಿದ್ದು. ಅಳತೆಪಟ್ಟಿ ಹಿಡಿದರೆ ಆಕ್ಷೇಪಿಸಲು ಏನೂ ಸಿಗದು. ಆದರೂ ಕಟ್ಟಡದ ಅಂಚಿನಲ್ಲಿ ಅವಳನ್ನು ಕುಳ್ಳಿರಿಸಿದ ರೀತಿ ಎಷ್ಟು ಅಸಹ್ಯವಾಗಿತ್ತೆಂದರೆ ಓದುಗರಿಂದಲೇ, ಅದರಲ್ಲೂ ಹೆಣ್ಣುಮಕ್ಕಳಿಂದ, ಪ್ರತಿಭಟನೆ ಎದ್ದಿತು. ಬಟ್ಟೆ ಪೂರ್ಣ, ಮರ್ಯಾದೆ ಶೂನ್ಯ. ಇನ್ನೊಂದೆಡೆ, 2017ರ ವಂಡರ್ ವುಮನ್ ಚಲನಚಿತ್ರದಲ್ಲಿ ಯೋಧೆಯರ ತೋಳು ಕಾಲುಗಳು ಬರಿದಾಗಿದ್ದವು; ಆದರೆ ಅವರು ಓಡುವವರಂತೆ, ಹೋರಾಡುವವರಂತೆ ಕಂಡರು. ಅನೇಕ ಮಹಿಳೆಯರು ಅದನ್ನು ಕಂಡು ಹೆಮ್ಮೆಪಟ್ಟರು.

ಇದೇ ನಾಯಕಿಯ ಕಥೆಯಲ್ಲಿ ಮತ್ತೊಂದು ವಿಚಿತ್ರವಿದೆ. 1968ರಲ್ಲಿ ಪ್ರಕಾಶಕರು ಅವಳ ಹಳೆಯ ಉಡುಪನ್ನೂ ಶಕ್ತಿಯನ್ನೂ ತೆಗೆದು ಮೈತುಂಬ ಬಟ್ಟೆ ತೊಡಿಸಿದರು. ಬೇಡವೆಂದು ಕೂಗಿದವರು ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರು. ಗ್ಲೋರಿಯಾ ಸ್ಟೈನಮ್ ಅವರ 'ಮಿಸ್' ಪತ್ರಿಕೆ 1972ರಲ್ಲಿ ಹಳೆಯ ಉಡುಪಿನಲ್ಲೇ ಅವಳನ್ನು ಮುಖಪುಟಕ್ಕೆ ಹಾಕಿತು. ಮರುವರ್ಷ ಉಡುಪೂ ಶಕ್ತಿಯೂ ಮರಳಿದವು. 2016ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಅವಳನ್ನು ಮಹಿಳಾ ಸಬಲೀಕರಣದ ಗೌರವ ರಾಯಭಾರಿಯಾಗಿ ಮಾಡಿದಾಗ, ಅದೇ ಉಡುಪಿಗಾಗಿ ಸಂಸ್ಥೆಯ ನೌಕರರೇ ಬೆನ್ನು ತಿರುಗಿಸಿ ನಿಂತರು. ಸುಮಾರು 45,000 ಜನ ಮನವಿಗೆ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಆ ಪಟ್ಟ ಮುಗಿಯಿತು. ಒಂದೇ ಉಡುಪು, ಎರಡು ತೀರ್ಪು. ಅವರು ಚಂಚಲರೆಂದು ನಾನು ಹೇಳಲಾರೆ. ಮೊದಲ ಬಾರಿ ಅವರು ಕೇಳಿದ್ದು ಕಸಿದುಕೊಂಡ ಬಲವನ್ನು. ಎರಡನೆಯ ಬಾರಿ ನಿರಾಕರಿಸಿದ್ದು ಹೇರಿದ ನೋಟವನ್ನು.

"ಅವಳು ತನಗಿಷ್ಟವಾದದ್ದನ್ನು ಧರಿಸುತ್ತಾಳೆ, ನಿಮಗೇನು?" ಎಂದು ಕೇಳುವವರಿದ್ದಾರೆ. ನಿಜವಾದ ಹೆಣ್ಣುಮಗಳ ಬಗ್ಗೆ ಈ ಮಾತಿಗೆ ಬೆಲೆಯಿದೆ. ಆದರೆ ಚಿತ್ರದ ಹೆಣ್ಣಿಗೆ ಸ್ವಂತ ಇಚ್ಛೆಯಿಲ್ಲ. ಅವಳ ಪರವಾಗಿ ಆರಿಸುವವನು ಬರೆಯುವವನು, ಅವನಿಗೆ ಹಣ ಕೊಡುವವನು, ಪುಸ್ತಕ ಕೊಳ್ಳುವವನು. 1990ರ ದಶಕದಲ್ಲಿ ಈ ಪುಸ್ತಕಗಳು ಮುಖ್ಯವಾಗಿ ವಿಶೇಷ ಅಂಗಡಿಗಳಲ್ಲಿ, ಹೆಚ್ಚಾಗಿ ಗಂಡು ಹುಡುಗರಿಗೆ ಮಾರಾಟವಾಗುತ್ತಿದ್ದಾಗ ಬಟ್ಟೆ ತೀರಾ ಕುಗ್ಗಿತು. ತನ್ನ ವೀರರನ್ನು ಈಜುಡುಗೆಯಲ್ಲಿ ತೋರಿಸುವ ವಾರ್ಷಿಕ ಸಂಚಿಕೆಯನ್ನೇ ಮಾರ್ವೆಲ್ ಹೊರಡಿಸಿತು. ವ್ಯಾಪಾರ ಯಾರದೋ ಅವರ ಕಣ್ಣಿಗೆ ತಕ್ಕ ಉಡುಪು! ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕಾಮದ ನೋಟದ ಬಗ್ಗೆ ಮಾತನಾಡುವಾಗ ಹೊಣೆಯನ್ನು ಹೊರಿಸಿದ್ದು ನೋಡುವವನ ಹೃದಯದ ಮೇಲೆ, ಹೆಣ್ಣಿನ ಉಡುಪಿನ ಮೇಲಲ್ಲ. ನಮ್ಮ ಯುವಕರ ಕೂಟಗಳಲ್ಲಿ ಈ ವಚನವನ್ನು ಇನ್ನಷ್ಟು ಓದಬೇಕು. ಹುಡುಗಿಯರಿಗೆ ಬಟ್ಟೆಯ ಉಪದೇಶ ಈಗಾಗಲೇ ಸಾಕಷ್ಟಾಗಿದೆ.

ಹದಿನಾರರ ಹುಡುಗಿಯೊಬ್ಬಳು

ಹುಡುಗರಿಗಷ್ಟೇ ಕೇಡಲ್ಲ. ಇಂಥ ಚಿತ್ರ ನೋಡಿ ಬೆಳೆಯುವ ಹುಡುಗಿ ಕನ್ನಡಿಯಲ್ಲಿ ತನ್ನನ್ನೇ ಬೇರೊಬ್ಬರ ಕಣ್ಣಿನಿಂದ ಅಳೆಯಲು ಕಲಿಯುತ್ತಾಳೆ. ಇದನ್ನು ಬಹಳ ಸೊಗಸಾಗಿ ಹೇಳಿದ ಕಥೆ ಒಬ್ಬ ಮುಸ್ಲಿಂ ಲೇಖಕಿಯದು. ಜಿ. ವಿಲ್ಲೋ ವಿಲ್ಸನ್ 2014ರಲ್ಲಿ ಬರೆದ 'ಮಿಸ್ ಮಾರ್ವೆಲ್'ನಲ್ಲಿ ಕಮಲಾ ಖಾನ್ ಎಂಬ ಹದಿನಾರು ವರ್ಷದ, ಪಾಕಿಸ್ತಾನಿ ಮೂಲದ ಅಮೆರಿಕನ್ ಹುಡುಗಿಗೆ ರೂಪ ಬದಲಿಸುವ ಶಕ್ತಿ ಬರುತ್ತದೆ. ಮೊದಲು ಅವಳು ತಾನು ಆರಾಧಿಸುವ ಹೊಂಗೂದಲ ನಾಯಕಿಯಾಗಿ, ಆಕೆಯ ಹಳೆಯ ತುಂಡುಡುಗೆಯಲ್ಲಿ ನಿಲ್ಲುತ್ತಾಳೆ. ನಿಂತ ಮೇಲೆ ತಿಳಿಯುತ್ತದೆ, ಆ ಬಟ್ಟೆ ಎಳೆಯುತ್ತದೆ, ಹಿಂಸೆಯಾಗುತ್ತದೆ, ಅದು ತಾನಲ್ಲ. ಆಮೇಲೆ ಮೈಮುಚ್ಚುವ ಈಜುಡುಗೆಯೊಂದನ್ನು ತನಗೆ ಬೇಕಾದಂತೆ ಮಾರ್ಪಡಿಸಿ, ಸ್ವಂತ ಮುಖದಲ್ಲೇ ಜನರನ್ನು ಕಾಪಾಡಲು ಹೊರಡುತ್ತಾಳೆ. ಯಾರೂ ಅವಳ ಮೇಲೆ ಬಟ್ಟೆ ಹೇರಲಿಲ್ಲ. ಲಜ್ಜೆ ಅವಳೊಳಗಿನಿಂದಲೇ ಬಂತು, ಬಲವೂ ಕಡಿಮೆಯಾಗಲಿಲ್ಲ. ಧರ್ಮ ಬೇರೆಯಾದರೇನು, ನಮ್ಮ ಜ್ಞಾನೋಪದೇಶ ತರಗತಿಯಲ್ಲಿ ಹೇಳಬಹುದಾದ ಕಥೆ ಇದು.

ಈಗ ತಂದೆತಾಯಂದಿರ ಪ್ರಶ್ನೆಗೆ ಬರುತ್ತೇನೆ. ತೀರಾ ಅಶ್ಲೀಲವಾದುದು ಮನೆಯಲ್ಲಿರಬಾರದು, ಅದರಲ್ಲಿ ಚರ್ಚೆಯಿಲ್ಲ. ಹೊಲಸಿಗೆ ಕಲೆಯ ಹೆಸರಿಟ್ಟ ಮಾತ್ರಕ್ಕೆ ಅದು ಸಿಸ್ಟೀನ್ ಗೋಡೆಯಾಗುವುದಿಲ್ಲ. ಉಳಿದವುಗಳ ವಿಷಯದಲ್ಲಿ, ಪುಸ್ತಕವನ್ನು ಕಸಿದುಕೊಳ್ಳುವ ಮುನ್ನ ಒಂದು ಸಂಜೆ ಮಗನ ಅಥವಾ ಮಗಳ ಪಕ್ಕದಲ್ಲಿ ಕುಳಿತು ಒಂದೆರಡು ಪುಟ ಒಟ್ಟಿಗೆ ನೋಡಿ. ಬೈಯಬೇಡಿ, ಕೇಳಿ. ಈ ಚೌಕಗಳಲ್ಲಿ ಇವಳ ಮುಖ ಎಷ್ಟು ಸಲ ಕಾಣುತ್ತದೆ, ಉಳಿದ ಅಂಗಗಳು ಎಷ್ಟು ಸಲ? ಹೀಗೆ ನಿಂತುಕೊಂಡು ಯಾರಾದರೂ ಒಂದು ಕಲ್ಲನ್ನಾದರೂ ಎತ್ತಬಲ್ಲರೇ? ಇವಳಿಗೆ ಭಯ, ಆಸೆ, ದುಃಖ ಏನಾದರೂ ಇದೆಯೇ? ಇದೇ ಭಂಗಿಯಲ್ಲಿ ಅಣ್ಣನನ್ನು ಬರೆದರೆ ಹೇಗಿರುತ್ತದೆ, ಅಕ್ಕನನ್ನು ಬರೆದರೆ ನಿನಗೆ ಹೇಗನಿಸುತ್ತದೆ? ಮಕ್ಕಳು ನಕ್ಕರೆ ನಗಲಿ, ನಾಚಿದರೆ ನಾಚಲಿ. ಅವರ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಆ ಪುಸ್ತಕ ಕಪಾಟಿನಲ್ಲಿರಬೇಕೋ ಬೇಡವೋ ಎಂಬುದನ್ನು ಅವರನ್ನೂ ಸೇರಿಸಿಕೊಂಡೇ ತೀರ್ಮಾನಿಸಿ.