ಫ್ರಿಜ್ಜಿನ ಹಿಂದೆ ಗರಗರ ಸದ್ದು

ಅರಿಜೋನಾದ ಬಿಸಿಲಿನಲ್ಲಿ ಮೋಟರ್‌ಹೋಮ್ ಪ್ರವಾಸ, ರಾತ್ರಿಯಿಡೀ ಫ್ರಿಜ್ಜಿನ ಹಿಂದಿನ ಫ್ಯಾನಿನ ಗರಗರ: ನಿದ್ದೆ ಎಲ್ಲಿಂದ ಬಂದೀತು! ಆದರೆ ಅದರ ವೈರ್ ಕಿತ್ತುಬಿಡಲೇ ಎಂದು ಕೇಳಿದ್ದೀರಲ್ಲ, ಅದು ಮಾತ್ರ ಬೇಡ. ನಿಮ್ಮದು ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್. ಅದಕ್ಕೆ ಕಂಪ್ರೆಸರ್ ಇಲ್ಲ. ಹಿಂಬದಿಯ ಬಿಸಿಗಾಳಿ ಮೇಲೇರಿ ಹೊರಹೋದರಷ್ಟೇ ಒಳಗೆ ತಂಪು; ಅದನ್ನು ಹೊರತಳ್ಳಲೆಂದೇ ಈ ಫ್ಯಾನ್.

ಫ್ರಿಜ್ ಆರಿಸಿ, ಗ್ಯಾಸ್ ಮುಚ್ಚಿ, ಫ್ಯಾನಿನ ಫ್ಯೂಸ್ ತೆಗೆಯಿರಿ. ತಣ್ಣಗಾದ ಮೇಲೆ ಹೊರಗಿನ ಜಾಲರಿ ಬಿಚ್ಚಿ. ರೆಕ್ಕೆಗೆ ವೈರ್ ತಾಗುತ್ತಿದೆಯೇ, ದೂಳು ಕಟ್ಟಿದೆಯೇ ನೋಡಿ. ಬೆರಳಲ್ಲಿ ಅಲುಗಿಸಿದರೆ ಲೊಡಲೊಡ ಎನ್ನುತ್ತಿದ್ದರೆ ಬೇರಿಂಗ್ ಸವೆದಿದೆ. ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿದ್ದೀತು, ಅಷ್ಟೇ. ಅದೇ ಅಳತೆಯ, 12 ವೋಲ್ಟಿನ ಬಾಲ್ ಬೇರಿಂಗ್ ಫ್ಯಾನ್ ತಂದು ರಬ್ಬರ್ ವಾಷರ್ ಕೊಟ್ಟು ಕೂರಿಸಿ. ಗಾಳಿ ಮೇಲಕ್ಕೇ ಹೋಗಬೇಕು, ಉಲ್ಟಾ ಹಾಕಬೇಡಿ.